ಪುಕ್ಕಟೆ ಆಟದ ಲೆಕ್ಕ

ಕಳೆದ ತಿಂಗಳು ನಮ್ಮೂರಿನ ಜಾತ್ರೆಯ ಕುರಿತು ನಾನು ಬರೆದ ನೆನಪುಗಳನ್ನು ಓದಿ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ತೇರು, ಮಂಡಕ್ಕಿ, ಬತ್ತಾಸು, ತೊಟ್ಟಿಲು ಎಲ್ಲವನ್ನೂ ಬರೆದು, ಸಾಬೂನಿನ ಡಬ್ಬಿಗೆ ಬಳೆ ಎಸೆಯುವ ಅಂಗಡಿಯನ್ನು ಮಾತ್ರ ಬಿಟ್ಟಿದ್ದೀರಿ ಎಂಬುದು ಅವನ ಆಕ್ಷೇಪ. "ಅದೇ ಸಾರ್ ಈಗ ನನ್ನ ಕಸುಬು" ಎಂದು ನಕ್ಕ. ಮೊಬೈಲಿನಲ್ಲಿ ಆಡುವ ಪುಕ್ಕಟೆ ಆಟಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಆಟ ಕಟ್ಟುವುದು ಅವನ ಕೆಲಸವಲ್ಲ. ಆಡುವವನು ಎಷ್ಟನೆಯ ಸೋಲಿಗೆ ಬೇಸತ್ತು ಎದ್ದುಹೋಗುತ್ತಾನೆ, ಎಷ್ಟನೆಯ ಸೋಲಿಗೆ ಜೇಬಿಗೆ ಕೈಹಾಕುತ್ತಾನೆ ಎಂಬುದನ್ನು ಅಂಕಿಸಂಖ್ಯೆಗಳಲ್ಲಿ ನೋಡುತ್ತ ಕೂರುವುದು ಅವನ ಕೆಲಸ. ಗಣಿತದಲ್ಲಿ ಚುರುಕಾಗಿದ್ದ ಹುಡುಗ. ನಾನು ಹೇಳಿಕೊಟ್ಟ ಸಂಭವನೀಯತೆಯ ಪಾಠ ಇಂಥ ದಡ ಸೇರಿತೆಂದು ಹೆಮ್ಮೆಪಡಬೇಕೋ ಬೇಡವೋ ತಿಳಿಯದೆ ಸುಮ್ಮನಿದ್ದೆ.

ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಮೇಲು. ನಿವೃತ್ತಿಯ ನಂತರ ಮೊಮ್ಮಗಳು ನನ್ನ ಫೋನಿಗೆ ಹಾಕಿಕೊಟ್ಟ ಬಣ್ಣದ ಗುಂಡುಗಳನ್ನು ಜೋಡಿಸುವ ಆಟವೊಂದನ್ನು ನಾನು ಬಹುಕಾಲದಿಂದ ಆಡುತ್ತಿದ್ದೇನೆ. ಕಳೆದ ವರ್ಷ ಒಂದು ರಾತ್ರಿ ಒಂದೇ ಒಂದು ನಡೆ ಸಾಲದೆ ಹನ್ನೆರಡನೆಯ ಬಾರಿ ಸೋತಾಗ, ಪರದೆಯ ಮೇಲೆ ಮೂಡಿದ ಹಸಿರು ಗುಂಡಿಯನ್ನು ಒತ್ತಿ 89 ರೂಪಾಯಿ ತೆತ್ತೆ. ಮೂವತ್ತೈದು ವರ್ಷ ಮಕ್ಕಳಿಗೆ ಉಳಿತಾಯದ ಪಾಠ ಹೇಳಿದವನು! ಮನೆಯವರಿಗೆ ಹೇಳಲಿಲ್ಲ. ಈಗ ಇದನ್ನು ಓದಿ ತಿಳಿಯಲಿ.

ಇರಲಿ, ವಿಷಯಕ್ಕೆ ಬರೋಣ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮಲ್ಲಿದೆ. ಕೊಡುವವನ ಮನೆಯ ಒಲೆ ಹೇಗೆ ಉರಿಯುತ್ತದೆಂದು ಆ ಗಾದೆ ಕೇಳುವುದಿಲ್ಲ. ನಾನು ಕೇಳಹೊರಟೆ. ಶಿಷ್ಯ ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಈ ಬರಹ.

ಆಟಕ್ಕೆ ಕಾಸು ಕೇಳುವುದು ಹೊಸದಲ್ಲ. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಬಂದಾಗ, ನಾಣ್ಯ ಹಾಕಿದರೆ ಆಟ, ಸೋತರೆ ಮತ್ತೆ ನಾಣ್ಯ. ಅಲ್ಲಿ ಕೊಳ್ಳುತ್ತಿದ್ದುದು ಆಡುವ ಅವಕಾಶವನ್ನು, ಅಷ್ಟೆ. 1990ರಲ್ಲಿ ಡಬಲ್ ಡ್ರ್ಯಾಗನ್ ಎಂಬ ಹೊಡೆದಾಟದ ಆಟದ ಮೂರನೆಯ ಭಾಗದಲ್ಲಿ ಆಟದ ಒಳಗೇ ಒಂದು ಅಂಗಡಿ ತೆರೆದರು. ಮತ್ತೊಂದು ನಾಣ್ಯ ಹಾಕಿದರೆ ಆಯುಧ, ಇನ್ನೊಂದು ಹಾಕಿದರೆ ಶಕ್ತಿ. ಜನ ಅದನ್ನು ಮೆಚ್ಚಲಿಲ್ಲ. ಜಪಾನಿನಲ್ಲಿ ಬಿಡುಗಡೆ ಮಾಡುವಾಗ ಆ ಅಂಗಡಿಯನ್ನು ತೆಗೆದೇಹಾಕಿದ್ದರು.

ಪುಕ್ಕಟೆಯ ಉಪಾಯ ನಿಜವಾಗಿ ಬೇರೂರಿದ್ದು ದಕ್ಷಿಣ ಕೊರಿಯಾದಲ್ಲಿ. ಪೆಟ್ಟಿಗೆಯಲ್ಲಿಟ್ಟು ಮಾರಿದ ಆಟ ಮಾರನೆಯ ದಿನವೇ ನಕಲಾಗುತ್ತಿದ್ದ ಕಾಲ ಅದು. 1997ರ ಆರ್ಥಿಕ ಕುಸಿತದ ತರುವಾಯ ಊರೂರಿಗೂ ಕಂಪ್ಯೂಟರ್ ಕೊಠಡಿಗಳು ತಲೆಯೆತ್ತಿ, ಎಳೆಯರೆಲ್ಲ ಅಲ್ಲಿ ಸೇರುತ್ತಿದ್ದರು. ನೆಕ್ಸಾನ್ ಎಂಬ ಕಂಪನಿ 1999ರಲ್ಲಿ ಕ್ವಿಜ್‌ಕ್ವಿಜ್ ಎಂಬ ರಸಪ್ರಶ್ನೆಯ ಆಟವನ್ನು ತಂದಿತು. ಮಾಸಿಕ ಶುಲ್ಕ ಕೇಳಿದರೆ ಜನ ಚದುರಿಹೋಗುವುದನ್ನು ಕಂಡು, ಆಟವನ್ನು ಪುಕ್ಕಟೆ ಬಿಟ್ಟು, ಆಟದೊಳಗಿನ ಬೊಂಬೆಗೆ ತೊಡಿಸುವ ಬಟ್ಟೆಬರೆಗಳನ್ನು ಮಾರತೊಡಗಿತು. ನೂಲಿಲ್ಲದ ಬಟ್ಟೆ, ಒಮ್ಮೆ ಬರೆದಿಟ್ಟರೆ ಲಕ್ಷ ಜನಕ್ಕೆ ಮಾರಬಹುದಾದ ಬಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾವು ಹಾಸ್ಯ ಮಾಡುತ್ತೇವೆ. ನಾಲ್ಕು ಜನರ ನಡುವೆ ನಿಂತಾಗ ಆ ಮಲ್ಲಿಗೆಗೆ ಬೆಲೆಯುಂಟೆಂಬುದನ್ನು ಆ ವ್ಯಾಪಾರಿಗಳು ಅರಿತಿದ್ದರು.

ಅದೇ ಕಂಪನಿಯ ಮೇಪಲ್‌ಸ್ಟೋರಿ ಆಟದ ಜಪಾನಿ ಆವೃತ್ತಿಯಲ್ಲಿ 2004ರ ಜೂನ್ ತಿಂಗಳಲ್ಲಿ ಒಂದು ಚೀಟಿ ಬಂತು. ಬೆಲೆ 100 ಯೆನ್. ಹೆಸರು ಗಚಾಪೋನ್ ಚೀಟಿ. ಈ ಹೆಸರಿಗೊಂದು ಹಿನ್ನೆಲೆಯಿದೆ. ಜಪಾನಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಗೋಲದೊಳಗೆ ಮುಚ್ಚಿಟ್ಟ ಆಟಿಕೆಯೊಂದು ಉದುರುವ ಯಂತ್ರಗಳಿವೆ. ತಿರುಗಿಸುವಾಗಿನ ಸದ್ದು 'ಗಚಾ', ಬೀಳುವಾಗಿನ ಸದ್ದು 'ಪೋನ್'. ಯಾವ ಆಟಿಕೆ ಬೀಳುವುದೆಂದು ಮೊದಲೇ ತಿಳಿಯದು. ನಮ್ಮ ಗೂಡಂಗಡಿಗಳಲ್ಲಿ ತೂಗುಹಾಕಿರುತ್ತಿದ್ದ ಅದೃಷ್ಟ ಚೀಟಿಯ ಹಾಳೆಯನ್ನು ನೆನಪಿಸಿಕೊಳ್ಳಿ. ಹತ್ತು ಪೈಸೆ ಕೊಟ್ಟು ಒಂದು ಚೀಟಿ ಹರಿದರೆ ಬಹುಪಾಲು ಪೆಪ್ಪರಮೆಂಟು, ಅಪರೂಪಕ್ಕೆ ಒಂದು ಪ್ಲಾಸ್ಟಿಕ್ ಗಡಿಯಾರ. ಗಡಿಯಾರದ ನಂಬರನ್ನು ಅಂಗಡಿಯವನು ಮೊದಲೇ ಹರಿದಿಟ್ಟುಕೊಂಡಿರುತ್ತಾನೆಂಬ ಗುಮಾನಿಯೂ ನಮಗಿತ್ತು.

ಇಲ್ಲಿ ನನ್ನ ಬಿ.ಎಡ್. ದಿನಗಳ ಒಂದು ಪಾಠ ಅಡ್ಡ ಬರುತ್ತದೆ. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಬಿ. ಎಫ್. ಸ್ಕಿನ್ನರ್ ಅವರ ಪುನರ್ಬಲನ ಸಿದ್ಧಾಂತವನ್ನು ನಾವೆಲ್ಲ ಉರುಹೊಡೆದಿದ್ದೆವು. ಪೆಟ್ಟಿಗೆಯೊಳಗಿನ ಪಾರಿವಾಳ ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಕೊಟ್ಟರೆ ಅದು ಕುಕ್ಕುವುದನ್ನು ಕಲಿಯುತ್ತದೆ. ಕಾಳು ನಿಲ್ಲಿಸಿದರೆ ಬೇಗನೆ ಬಿಡುತ್ತದೆ. ಆದರೆ ಒಮ್ಮೆ ಮೂರು ಸಲಕ್ಕೆ, ಒಮ್ಮೆ ಇಪ್ಪತ್ತು ಸಲಕ್ಕೆ, ಹೀಗೆ ಗೊತ್ತುಗುರಿಯಿಲ್ಲದೆ ಕಾಳು ಕೊಟ್ಟರೆ ಹಕ್ಕಿ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಫರ್ಸ್ಟರ್ ಅವರೊಡನೆ ಸ್ಕಿನ್ನರ್ ಈ ಪ್ರಯೋಗಗಳನ್ನು 1957ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಜೂಜಿನ ಮೋಹವೂ ಇದೇ ಬಗೆಯದೆಂದು ಅವರೇ ಬರೆದಿದ್ದರು. ಅದೇ ಮನುಷ್ಯ 1953ರಲ್ಲಿ ಮಗಳ ಗಣಿತದ ತರಗತಿಯಲ್ಲಿ ಕುಳಿತು ನೋಡಿ, ಮಕ್ಕಳಿಗೆ ತಮ್ಮ ಉತ್ತರ ಸರಿಯೋ ತಪ್ಪೋ ಕೂಡಲೇ ತಿಳಿಯುವುದಿಲ್ಲವಲ್ಲ ಎಂದು ಮರುಗಿ, ಕಲಿಸುವ ಯಂತ್ರವೊಂದನ್ನು ಕಟ್ಟಿದರೆಂಬುದು ನಮಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿತ್ತು. ಅವರ ಮೊದಲ ವಿದ್ಯೆಯೇ ಎರಡನೆಯದಕ್ಕಿಂತ ಹೆಚ್ಚು ಮನೆಗಳನ್ನು ಹೊಕ್ಕಿತು.

ಆಟ ಜೇಬಿಗೆ ಬಂದದ್ದು ಆಪಲ್ ಕಂಪನಿ 2008ರ ಜುಲೈ 10ರಂದು ಸುಮಾರು 500 ತಂತ್ರಾಂಶಗಳೊಡನೆ ತನ್ನ ಆ್ಯಪ್ ಸ್ಟೋರ್ ತೆರೆದಾಗ. ಮಾರಿದ್ದರಲ್ಲಿ ನೂರಕ್ಕೆ 30 ಅಂಗಡಿಯ ಪಾಲು. 2009ರ ಜೂನ್‌ನಲ್ಲಿ ತಂತ್ರಾಂಶದ ಒಳಗೆ ಮತ್ತೆ ಮಾರಾಟ ಮಾಡುವ ಸೌಲಭ್ಯ ಬಂತು. ಮೊದಲಿಗೆ ಅದು ಹಣಕೊಟ್ಟು ಕೊಂಡವುಗಳಿಗೆ ಮಾತ್ರ ಮೀಸಲಾಗಿತ್ತು. ಅಕ್ಟೋಬರ್‌ನಲ್ಲಿ ಪುಕ್ಕಟೆಯವುಗಳಿಗೂ ಬಾಗಿಲು ತೆರೆಯಿತು. ಈ ಚರಿತ್ರೆಯಲ್ಲಿ ಒಂದೇ ತಿಂಗಳನ್ನು ನೆನಪಿಡಬೇಕೆಂದರೆ ನಾನು ಈ 2009ರ ಅಕ್ಟೋಬರ್ ತಿಂಗಳನ್ನೇ ಹೇಳುತ್ತೇನೆ. ಗೂಗಲ್ ಅದೇ ಹಾದಿಯನ್ನು 2011ರ ಮಾರ್ಚ್‌ನಲ್ಲಿ ಹಿಡಿಯಿತು.

ಮುಂದಿನದು ಬಹಳ ಬೇಗ ನಡೆಯಿತು. 2012ರಲ್ಲಿ ಕಿಂಗ್ ಕಂಪನಿಯ ಕ್ಯಾಂಡಿ ಕ್ರಶ್ ಸಾಗಾ ಮೊದಲು ಫೇಸ್‌ಬುಕ್‌ಗೆ, ಬಳಿಕ ಫೋನಿಗೆ ಬಂತು. ಐದು ಜೀವಗಳು, ಸೋತಾಗ ಒಂದು ಹೋಗುತ್ತದೆ, ಮತ್ತೆ ಹುಟ್ಟಲು 30 ನಿಮಿಷ ಬೇಕು, ಕಾಯಲಾರದವರು ಕೊಳ್ಳಬಹುದು. 2013ರಲ್ಲಿ ಆ ಕಂಪನಿಯ ವರಮಾನ 188 ಕೋಟಿ ಡಾಲರ್ ಮುಟ್ಟಿತು. 2015ರಲ್ಲಿ ಅದನ್ನು 590 ಕೋಟಿ ಡಾಲರಿಗೆ ಕೊಳ್ಳುವುದಾಗಿ ಆ್ಯಕ್ಟಿವಿಷನ್ ಬ್ಲಿಝರ್ಡ್ ಪ್ರಕಟಿಸಿತು. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿಯ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಕೂಡ 2012ರದ್ದೇ. ಅದರಲ್ಲಿ ಕೋಟೆ ಕಟ್ಟಲು ದಿನಗಟ್ಟಲೆ ಕಾಯಬೇಕು, ಹರಳುಗಳನ್ನು ಕೊಟ್ಟರೆ ಆ ಕ್ಷಣವೇ ಕೋಟೆ ಸಿದ್ಧ. ಕಾಯಿಸುವುದನ್ನು ತಾನೇ ಹುಟ್ಟಿಸಿ, ಕಾಯದಿರುವುದನ್ನು ತಾನೇ ಮಾರುವ ಈ ಜಾಣ್ಮೆಗೆ ನಾನು ಬೆರಗಾದೆ. 2013ರಲ್ಲಿ ಸಾಫ್ಟ್‌ಬ್ಯಾಂಕ್ ಮತ್ತು ಗಂಗ್‌ಹೋ ಕಂಪನಿಗಳು 153 ಕೋಟಿ ಡಾಲರ್ ಕೊಟ್ಟು ಸೂಪರ್‌ಸೆಲ್‌ನ 51 ಪಾಲನ್ನು ಕೊಂಡವು.

ಹರಳುಗಳ ಮಾತು ಬಂತಲ್ಲ, ಅದೊಂದು ಸ್ವತಂತ್ರ ಶಾಸ್ತ್ರ. ರೂಪಾಯಿಯನ್ನು ನೇರವಾಗಿ ಕೇಳುವುದಿಲ್ಲ. ರೂಪಾಯಿ ಕೊಟ್ಟು ಹರಳು, ಹರಳು ಕೊಟ್ಟು ಕತ್ತಿ. ಬೇಕಾದ ಕತ್ತಿಗೆ 100 ಹರಳಾದರೆ, ಮಾರಾಟಕ್ಕಿರುವುದು 80ರ ಚೀಲ ಮತ್ತು 180ರ ಚೀಲ. ಎರಡನೆಯದನ್ನು ಕೊಂಡವನ ಬಳಿ 80 ಉಳಿಯುತ್ತದೆ. ಉಳಿದದ್ದು ವ್ಯರ್ಥವಾಗಬಾರದೆಂದು ಮತ್ತೊಮ್ಮೆ ಕೊಳ್ಳುತ್ತಾನೆ. ಬೆಲೆಯೋ, ಬಾಟಾ ಅಂಗಡಿಯ ಚಪ್ಪಲಿಯಂತೆ ಯಾವಾಗಲೂ ಒಂದು ಕಡಿಮೆ. ಆಟದ ನಾಣ್ಯದ ಜೊತೆಗೆ ನಿಜವಾದ ಹಣದ ಬೆಲೆಯನ್ನೂ ಸ್ಪಷ್ಟವಾಗಿ ತೋರಿಸಬೇಕೆಂದು ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳ ಜಾಲ 2025ರ ಮಾರ್ಚ್‌ನಲ್ಲಿ ಹೇಳಬೇಕಾಯಿತು.

"ಹಾಗಾದರೆ ನನ್ನಂಥವರ 89 ರೂಪಾಯಿಗಳಿಂದ ನಿಮ್ಮ ಸಂಬಳ ಬರುತ್ತದೆಯೇ?" ಎಂದು ಶಿಷ್ಯನನ್ನು ಕೇಳಿದೆ. "ನಿಮ್ಮಿಂದ ಅಲ್ಲ ಸಾರ್, ತಿಮಿಂಗಿಲಗಳಿಂದ" ಎಂದ. ದೊಡ್ಡ ಮೊತ್ತ ಚೆಲ್ಲುವವರಿಗೆ ಜೂಜುಕಟ್ಟೆಗಳಲ್ಲಿದ್ದ ಅಡ್ಡಹೆಸರು ಅದು. ಸ್ವೆರ್ವ್ ಎಂಬ ಸಂಸ್ಥೆ 2014ರಲ್ಲಿ ಲೆಕ್ಕಹಾಕಿದಂತೆ, ಆಡುವವರಲ್ಲಿ ನೂರಕ್ಕೆ ಒಂದೂವರೆ ಮಂದಿ ಮಾತ್ರ ಹಣ ಕೊಡುತ್ತಾರೆ, ಆಟದೊಳಗಿನ ವರಮಾನದ ಅರ್ಧ ಬರುವುದು ನೂರಕ್ಕೆ 0.15ರಷ್ಟು ಮಂದಿಯಿಂದ. ಸಾವಿರ ಜನ ಆಡಿದರೆ ಒಬ್ಬಿಬ್ಬರು. ಉಳಿದವರು ಆಟಕ್ಕೆ ಬೇಕಾದ ಜನಜಂಗುಳಿ. ಜಾತ್ರೆಯಲ್ಲಿ ಸುಮ್ಮನೆ ತಿರುಗುವವರಿಲ್ಲದಿದ್ದರೆ ಬಳೆ ಎಸೆಯುವವನಿಗೂ ಹುರುಪು ಬರುವುದಿಲ್ಲ. ಆ ಒಬ್ಬಿಬ್ಬರು ಸಿರಿವಂತರೇ ಇರಬೇಕೆಂದೇನೂ ಇಲ್ಲ ಎಂದು ಅವನೇ ಹೇಳಿದ. ಹೇಳುವಾಗ ದನಿ ತುಸು ತಗ್ಗಿತ್ತು.

ಅವರು ಮಕ್ಕಳೂ ಆಗಿರಬಹುದು. 2010ರ ಕೊನೆಯಲ್ಲಿ ಬಂದ ಸ್ಮರ್ಫ್ಸ್ ವಿಲೇಜ್ ಎಂಬ ನೀಲಿ ಕುಳ್ಳರ ಆಟದಲ್ಲಿ, ಬೆಳೆಯನ್ನು ಬೇಗ ಬೆಳೆಸಲು ಹಣ್ಣುಗಳನ್ನು ಕೊಳ್ಳಬೇಕಿತ್ತು. ಅಮೆರಿಕದ 8 ವರ್ಷದ ಬಾಲಕಿಯೊಬ್ಬಳು ಆಟದ ಹಣ್ಣೆಂದೇ ಭಾವಿಸಿ ಕೊಂಡ ಲೆಕ್ಕ ತಾಯಿಗೆ 1,400 ಡಾಲರಿನ ಬಿಲ್ಲಾಗಿ ಬಂದ ಸುದ್ದಿ 2011ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಪ್ರಕಟವಾಯಿತು. ಒಮ್ಮೆ ಗುಪ್ತಪದ ಒತ್ತಿದ ಮೇಲೆ 15 ನಿಮಿಷಗಳವರೆಗೆ ಮತ್ತೆ ಕೇಳದೆಯೇ ಹಣ ಕಡಿತವಾಗುತ್ತಿದ್ದುದು ಇದಕ್ಕೆ ಕಾರಣ. 2014ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಆಪಲ್ ಕನಿಷ್ಠ 3.25 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಗೂಗಲ್ 1.9 ಕೋಟಿ. ಅದೇ ವರ್ಷ ನವೆಂಬರ್‌ನಲ್ಲಿ ಆಪಲ್ ಅಂಗಡಿಯ ಗುಂಡಿಗಳ ಮೇಲಿದ್ದ 'ಪುಕ್ಕಟೆ' ಎಂಬ ಅರ್ಥದ ಪದ ಮಾಯವಾಗಿ 'ಪಡೆಯಿರಿ' ಎಂದಾಯಿತು. ಭಾಷೆಯ ಮೇಷ್ಟರುಗಳು ಗಮನಿಸಬೇಕಾದ ತಿದ್ದುಪಡಿ!

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಜಪಾನಿನ ಕಥೆ. ಅಲ್ಲಿ 'ಕಂಪ್ಲೀಟ್ ಗಚಾ' ಎಂಬ ಪದ್ಧತಿ ಬೆಳೆದಿತ್ತು. ಒಂದೊಂದಾಗಿ ಚೀಟಿ ಎತ್ತಿ, ಗೊತ್ತಾದ ಚಿತ್ರಗಳ ಪೂರ್ಣ ಗುಂಪನ್ನು ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ. 2012ರ ಮೇ ತಿಂಗಳಲ್ಲಿ ಸರ್ಕಾರ ಇದನ್ನು ತಡೆಯಲಿದೆಯೆಂಬ ಸುದ್ದಿ ಹೊರಬಿದ್ದಾಗ ಗ್ರೀ ಮತ್ತು ಡಿಎನ್ಎ ಕಂಪನಿಗಳ ಷೇರುಗಳು ಒಂದೇ ದಿನದಲ್ಲಿ ಸುಮಾರು ಐದನೆಯ ಒಂದು ಭಾಗ ಕುಸಿದವು. ಹೊಸ ಕಾಯ್ದೆಯೇನೂ ಬೇಕಾಗಲಿಲ್ಲ. ಮಿಠಾಯಿಯ ಪೊಟ್ಟಣದಲ್ಲಿ ಚಿತ್ರಗಳನ್ನಿಟ್ಟು ಪೂರ್ಣ ಗುಂಪಿಗೆ ಬಹುಮಾನ ಕೊಡುವ 'ಚಿತ್ರ ಜೋಡಣೆ'ಯ ತಂತ್ರ, ಬಹುಮಾನಗಳ ಆಮಿಷವನ್ನು ಹತೋಟಿಯಲ್ಲಿಡುವ 1962ರ ಕಾಯ್ದೆಯಡಿ ಅಲ್ಲಿ ಮೊದಲೇ ನಿಷಿದ್ಧವಾಗಿತ್ತು. ಫೋನಿನೊಳಗಿನದೂ ಅದೇ ಎಂದು ಗ್ರಾಹಕ ವ್ಯವಹಾರಗಳ ಇಲಾಖೆ ಸಾರಿತು, ಅಷ್ಟೆ.

ಮಿಠಾಯಿ ಎಂದಾಗ ನನಗೆ ನೆನಪಾದದ್ದು 1987. ವಿಶ್ವಕಪ್ ಕ್ರಿಕೆಟ್ ನಮ್ಮ ದೇಶದಲ್ಲೇ ನಡೆದ ವರ್ಷ. ನನ್ನ ನೌಕರಿಯ ಆರಂಭದ ದಿನಗಳು. ಐವತ್ತು ಪೈಸೆಯ ಬಬಲ್ ಗಮ್ಮಿನೊಳಗೆ ಆಟಗಾರರ ಚಿತ್ರಗಳು ಬರುತ್ತಿದ್ದವು. ಹನ್ನೊಂದು ಮಂದಿಯ ಪೂರ್ಣ ತಂಡ ಕೂಡಿಸಿದವನು ತರಗತಿಯ ರಾಜ. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಹತ್ತು ಚಿತ್ರಗಳು ಸಿಕ್ಕಿ, ಒಂದು ಸಿಕ್ಕದೆ, ಪ್ರವಾಸಕ್ಕೆಂದು ನನ್ನ ಮೇಜಿನ ಮೇಲೆ ಕೂಡಿಟ್ಟಿದ್ದ ಹಣದಿಂದ ಐದು ರೂಪಾಯಿಯ ನೋಟನ್ನು ಎತ್ತಿದ. ಹತ್ತು ಗಮ್ ಕೊಂಡ. ಆ ಚಿತ್ರ ಬರಲಿಲ್ಲ. ಸಿಕ್ಕಿಬಿದ್ದ. ನಾನು ಅವನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಬೆತ್ತದಿಂದ ಹೊಡೆದೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಅದಕ್ಕೆ ಇದೇ ಕಾರಣವೋ, ಮನೆಯ ಬಡತನವೋ ನಾನು ವಿಚಾರಿಸಲೂ ಇಲ್ಲ.

ಈಗ ಕಾಗದ ಹಿಡಿದು ಲೆಕ್ಕ ಮಾಡಿದೆ. ಎಲ್ಲ ಚಿತ್ರಗಳೂ ಸಮಪ್ರಮಾಣದಲ್ಲಿ ಅಚ್ಚಾಗಿದ್ದವೆಂದೇ ಇಟ್ಟುಕೊಳ್ಳೋಣ. ಮೊದಲ ಗಮ್ಮಿನಲ್ಲಿ ಹೊಸ ಚಿತ್ರ ಖಚಿತ. ಎರಡನೆಯ ಹೊಸದಕ್ಕೆ ಹನ್ನೊಂದರಲ್ಲಿ ಹತ್ತು ಸಂಭವ, ಮೂರನೆಯದಕ್ಕೆ ಒಂಬತ್ತು, ಹೀಗೆ ಇಳಿಯುತ್ತ ಹೋಗುತ್ತದೆ. ಒಟ್ಟು ತಂಡ ಕೂಡಲು ಸರಾಸರಿ 33 ಗಮ್ ಬೇಕು. ಆದರೆ ಕೊನೆಯ ಒಂದಕ್ಕೇ ಸರಾಸರಿ 11 ಬೇಕು. ಮೊದಲ ಆರು ಚಿತ್ರಗಳಿಗೆ ಬೇಕಾಗುವುದು ಎಂಟಕ್ಕಿಂತ ತುಸುವೇ ಹೆಚ್ಚು. ಅಂದರೆ ಆರಂಭದಲ್ಲಿ ಸಲೀಸು, ಕೊನೆಯಲ್ಲಿ ಬೆಟ್ಟ. ಹತ್ತು ಗಮ್ ಕೊಂಡರೂ ಕೊನೆಯ ಚಿತ್ರ ಬಾರದಿರುವ ಸಂಭವ ನೂರಕ್ಕೆ 38ಕ್ಕಿಂತ ಹೆಚ್ಚು. ಹುಡುಗನ ಅಂದಾಜು ತೀರಾ ತಪ್ಪೇನಾಗಿರಲಿಲ್ಲ. ಹತ್ತು ಕೊಂಡರೆ ಬರುವ ಸಂಭವವೇ ಹೆಚ್ಚಿತ್ತು. ಗಣಿತದ ಮೇಷ್ಟರಾದ ನಾನು ಅಂದು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದಿತ್ತು. ಬೆತ್ತ ಕೈಗೆ ಹತ್ತಿರವಿತ್ತು.

ಉಳಿದ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಅದೃಷ್ಟದ ಪೆಟ್ಟಿಗೆಗಳಲ್ಲಿ ಯಾವ ವಸ್ತು ಎಷ್ಟು ಅಪರೂಪವೆಂಬುದನ್ನು ಪ್ರಕಟಿಸಬೇಕೆಂಬ ನಿಯಮ ಚೀನಾದಲ್ಲಿ 2017ರ ಮೇ ತಿಂಗಳಿಂದ ಬಂತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್ ಕೂಡ ತನ್ನ ಅಂಗಡಿಯಲ್ಲಿ ಅದನ್ನು ಕಡ್ಡಾಯ ಮಾಡಿತು. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಇಂಥ ಪೆಟ್ಟಿಗೆಗಳು ಜೂಜೇ ಎಂದಿತು. ನೆದರ್ಲೆಂಡ್ಸ್‌ನಲ್ಲಿ ಇಂಥದೇ ಕಾರಣಕ್ಕೆ ವಿಧಿಸಿದ್ದ ಒಂದು ಕೋಟಿ ಯೂರೋ ದಂಡವನ್ನು ಅಲ್ಲಿನ ನ್ಯಾಯಾಲಯ 2022ರಲ್ಲಿ ರದ್ದುಮಾಡಿತು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ, ಗುಂಡಿಗಳ ಮೋಸದ ಜೋಡಣೆಯಿಂದ ಅರಿಯದೆ ಕೊಂಡವರಿಗೆ ಹಿಂದಿರುಗಿಸಲು. 2025ರ ಜನವರಿಯಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದವರು 2 ಕೋಟಿ ಡಾಲರ್ ಕೊಡಲು, 16ರೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಇಂಥ ಪೆಟ್ಟಿಗೆಗಳನ್ನು ಮಾರದಿರಲು ಒಪ್ಪಿಕೊಂಡರು.

ನಮ್ಮ ದೇಶದ ಕಥೆಗೆ ಶಾಂಪೂ ಪೊಟ್ಟಣದ ಉಪಮೆಯೇ ಸಾಕು. ಸೀಸೆ ಕೊಳ್ಳಲಾರದವನಿಗೆ ಒಂದು ರೂಪಾಯಿಯ ಪೊಟ್ಟಣ ಕೊಟ್ಟಂತೆ, ಗೂಗಲ್ ತನ್ನ ಅಂಗಡಿಯಲ್ಲಿ ಭಾರತಕ್ಕೆ ಇಡಬಹುದಾದ ಕನಿಷ್ಠ ಬೆಲೆಯನ್ನು 2015ರಲ್ಲಿ 50ರಿಂದ 10 ರೂಪಾಯಿಗೆ ಇಳಿಸಿತು. ಮರುವರ್ಷ ಅಗ್ಗದ ಅಂತರ್ಜಾಲವೂ ಯುಪಿಐ ಪಾವತಿಯೂ ಒಟ್ಟಿಗೇ ಬಂದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಾನು ಹೇಳುತ್ತಿರುವ ಆಟಗಳ ಜಾತಿ ಬೇರೆ. ಇಸ್ಪೀಟಿನಲ್ಲಿ ಹಾಕಿದ ಹಣ ಒಮ್ಮೊಮ್ಮೆಯಾದರೂ ಹಿಂದಿರುಗೀತು; ಇಲ್ಲಿ ಗೆದ್ದವನಿಗೂ ದಕ್ಕುವುದು ಚಿತ್ರದ ಕತ್ತಿಯೇ.

ಬರೆಯುವ ಮುನ್ನ ಅಂಕಿಗಳನ್ನು ಸರಿನೋಡಲೆಂದು ಶಿಷ್ಯನಿಗೆ ಮತ್ತೆ ಕರೆ ಮಾಡಿ, ಗಮ್ಮಿನ ಲೆಕ್ಕವನ್ನೂ ಓದಿಹೇಳಿದೆ. ಅವನು ಅದೇ ತರಗತಿಯವನೆಂಬುದು ನನಗೆ ಮರೆತೇಹೋಗಿತ್ತು. ಲೆಕ್ಕ ಸರಿಯಿದೆ ಎಂದ. ಆಮೇಲೆ ತುಸು ತಡೆದು, ಆ ಹತ್ತು ಗಮ್‌ಗಳನ್ನು ಹಂಚಿಕೊಂಡು ಅಗಿದವರಲ್ಲಿ ತಾನೂ ಒಬ್ಬನೆಂದ. "ಅವನಿಗೆ ಬೇಕಾಗಿದ್ದ ಚಿತ್ರ ನನ್ನ ಹತ್ತಿರ ಎರಡಿತ್ತು ಸಾರ್. ಅದಲುಬದಲು ಮಾಡಿಕೊಳ್ಳೋಣ ಅಂತ ಎಷ್ಟೋ ಸಲ ಕೇಳಿದ್ದ, ನಾನೇ ಕೊಡಲಿಲ್ಲ."

ನಿಮ್ಮ ಆಟದಲ್ಲಿ ಹಾಗೆ ಅದಲುಬದಲು ಮಾಡಿಕೊಳ್ಳಬಹುದೇ ಎಂದು ಕೇಳಿದೆ.

"ಇಲ್ಲ ಸಾರ್" ಎಂದ. "ಆ ಸೌಲಭ್ಯ ನಾವು ಇಟ್ಟೇ ಇಲ್ಲ."